ಬಡತನದ ಪರೀಕ್ಷೆಗೆ ಕೂತವರು

ಅರಿಷಿಣ-ಕುಂಕುಮಕ್ಕೆ ಕರೆದ ಮನೆಯಲ್ಲಾಗಲಿ, ಮದುವೆಯ ಊಟದ ಪಂಕ್ತಿಯಲ್ಲಾಗಲಿ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಾಗಲಿ, ನಾಲ್ಕು ಜನ ಹೆಂಗಸರು ಸೇರಿದಲ್ಲಿ ಈಗ ಒಂದೇ ಮಾತು. ಸರ್ಕಾರ ಬಿಟ್ಟಿ ಕೊಟ್ಟು ಕೊಟ್ಟು ಜನರನ್ನು ಕೆಡಿಸಿಬಿಟ್ಟಿತು ಎನ್ನುವುದು. "ನಮ್ಮ ಕೆಲಸದಾಕಿ ಈಗ ಎರಡು ದಿನಕ್ಕೊಮ್ಮೆ ಬರ್ತಾಳ್ರೀ. ತಿಂಗಳಿಗೆ ಎರಡು ಸಾವಿರ ಬರ್ತಾವಲ್ಲ, ಸೊಕ್ಕು ಬಂದೈತಿ" ಎಂದು ಒಬ್ಬರು ಶುರು ಮಾಡುತ್ತಾರೆ. ಇನ್ನೊಬ್ಬರು ಸ್ವಲ್ಪ ತೂಕದ ಮನುಷ್ಯರು, ಅವರ ಮಾತೂ ತೂಕದ್ದೇ: "ಖರೇ ಬಡವರಿಗೆ ಕೊಡಬ್ಯಾಡ ಅಂತ ಯಾರಂದ್ರು? ಆದರ ಚೆಂದಂಗ ಸೋಸಿ ಕೊಡಬೇಕಲ್ರೀ."

ಮೊದಲಿನವರ ಮಾತಿಗೆ ಉತ್ತರ ಕೊಡುತ್ತ ಕೂಡುವ ವ್ಯವಧಾನ ನನಗಿಲ್ಲ. ಎರಡು ಸಾವಿರವೆಂದರೆ ದಿನಕ್ಕೆ ಅರವತ್ತಾರು ಚಿಲ್ಲರೆ ರೂಪಾಯಿ. ಅಷ್ಟಕ್ಕೇ ಸೊಕ್ಕು ಬರುವುದಾದರೆ ನಮ್ಮ ನಮ್ಮ ಮನೆಗೆ ಬರುವ ಸಂಬಳಕ್ಕೆ ಏನೇನು ಬರಬೇಕೋ ಲೆಕ್ಕ ಹಾಕಿಕೊಳ್ಳಿ. ನನ್ನ ತಕರಾರಿರುವುದು ಎರಡನೆಯವರ ಮಾತಿನ ಮೇಲೆ. ಸೋಸಿ ಕೊಡಬೇಕು ಎನ್ನುವುದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸೋಸುವುದು ಎಂದರೇನು, ಯಾರು ಸೋಸುತ್ತಾರೆ, ಯಾವ ಜರಡಿಯಲ್ಲಿ ಸೋಸುತ್ತಾರೆ, ಸೋಸಿದ ಮೇಲೆ ಕೆಳಗೆ ಬೀಳುವುದು ಹೊಟ್ಟೋ ಕಾಳೋ ಎಂದು ನಾವು ಒಮ್ಮೆಯೂ ನೋಡಿಲ್ಲ. ನೋಡಬೇಕಾದ ಪ್ರಸಂಗ ನಮಗೆ ಬಂದಿಲ್ಲವಾದ್ದರಿಂದ ನೋಡಿಲ್ಲ.

ನಾನು ಹಾವೇರಿ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಸರ್ಕಾರಿ ಶಾಲೆಯ ಶಿಕ್ಷಕಿ. ಶಿಕ್ಷಕಿಯೆಂದರೆ ಪಾಠ ಹೇಳುವವಳು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ದೊಡ್ಡ ಮನಸ್ಸು. ಜನಗಣತಿ ನಮ್ಮದು, ಮತದಾರರ ಪಟ್ಟಿ ನಮ್ಮದು. 2015ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಬೇಸಿಗೆಯ ಉರಿಬಿಸಿಲಿನಲ್ಲಿ ಮನೆ ಮನೆ ತಿರುಗಿದವರು ನಾವು. 2025ರಲ್ಲಿ ಮತ್ತೆ ಅರವತ್ತು ಪ್ರಶ್ನೆ ಹಿಡಿದುಕೊಂಡು ಅದೇ ಬಾಗಿಲು ಬಡಿದವರೂ ನಾವು. ಇದರ ಮೇಲೆ, ಊರಿನ ಹೆಂಗಸರಿಗೆ ಯಾವ ಕಾಗದ ಬಂದರೂ ಮೊದಲು ಓದಿ ಹೇಳಬೇಕಾದವರು 'ಸಾಲಿ ಅಕ್ಕಾರು'. ಹೀಗಾಗಿ ಅರ್ಜಿಗಳ ಪ್ರಪಂಚ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಮನೆಗಳ ರೇಷನ್ ಕಾರ್ಡಿನಲ್ಲಿ ಯಾರ ಹೆಸರಿನ ಕಾಗುಣಿತ ತಪ್ಪಿದೆ ಎನ್ನುವುದು ಕೂಡ ನನಗೆ ಬಾಯಿಪಾಠ. ಗಂಗವ್ವ ಒಂದು ಕಡೆ ಗಂಗವ್ವ, ಇನ್ನೊಂದು ಕಡೆ ಗಂಗಮ್ಮ. ಅವಳ ಪಾಲಿಗೆ ಒಂದೇ ಹೆಸರು. ಕಂಪ್ಯೂಟರಿಗೆ ಮಾತ್ರ ಇಬ್ಬರು ಹೆಂಗಸರು.

ವಿಧವಾ ವೇತನದ ಸಂಗತಿಯನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲಿ ಇದು 1984ರಿಂದ ಇದೆ. ಅದರ ಪೂರ್ಣ ಹೆಸರೇ 'ನಿರ್ಗತಿಕ ವಿಧವಾ ವೇತನ'. ಗಂಡ ಸತ್ತದ್ದು ಸಾಲದು, ಗತಿಯೂ ಇರಬಾರದು ಎಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. 2021ರ ಜುಲೈಯಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅಧಿಕಾರ ವಹಿಸಿಕೊಂಡ ದಿನವೇ ಇದನ್ನು 600 ರೂಪಾಯಿಯಿಂದ 800ಕ್ಕೆ ಏರಿಸುವುದಾಗಿ ಸಾರಿದರು. 800 ರೂಪಾಯಿ. ದಿನಕ್ಕೆ ಇಪ್ಪತ್ತೇಳು ರೂಪಾಯಿಯೂ ಪೂರ್ತಿ ಆಗುವುದಿಲ್ಲ.

ಇದಕ್ಕೆ ಹಾಕಿದ ಆದಾಯದ ಮಿತಿಯನ್ನು ನೋಡಿ. ವರ್ಷಕ್ಕೆ 32,000 ರೂಪಾಯಿ. ಅದಕ್ಕಿಂತ ಹೆಚ್ಚು ದುಡಿಯುವ ವಿಧವೆ ನಿರ್ಗತಿಕಳಲ್ಲ. ನಾನು ಗಣಿತದ ಟೀಚರಲ್ಲ, ಆದರೂ ಒಂದು ಸಣ್ಣ ಲೆಕ್ಕ ಮಾಡುತ್ತೇನೆ. 2024-25ರಲ್ಲಿ ನಮ್ಮ ರಾಜ್ಯಕ್ಕೆ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಕಾಯ್ದೆ ಆಗ ಒಂದು ಕುಟುಂಬಕ್ಕೆ ನೂರು ದಿನದ ಕೆಲಸದ ಭರವಸೆ ಕೊಟ್ಟಿತ್ತು. ಒಬ್ಬ ವಿಧವೆ ಸರ್ಕಾರದ ಮಾತು ನಂಬಿ, ಸರ್ಕಾರ ತೋರಿಸಿದ ಕೆರೆಯಲ್ಲಿ ನೂರು ದಿನ ಹೂಳು ಎತ್ತಿದಳೆನ್ನಿ. ಅವಳ ಕೈಗೆ ಬರುವುದು 34,900 ರೂಪಾಯಿ. ಸರಿ, ಅವಳು ನಿರ್ಗತಿಕಳ ಪಟ್ಟಿಯಿಂದ ಹೊರಗೆ! ಒಂದು ಇಲಾಖೆ ಕೊಟ್ಟ ಕೂಲಿಯೇ ಇನ್ನೊಂದು ಇಲಾಖೆಯ ಪಿಂಚಣಿಗೆ ಕಲ್ಲು ಹಾಕುತ್ತದೆ. ಪಿಂಚಣಿ ಬೇಕಾದರೆ ಅವಳು ತೊಂಬತ್ತೊಂದನೆಯ ದಿನಕ್ಕೆ ಬುಟ್ಟಿ ಕೆಳಗಿಟ್ಟು ಮನೆಗೆ ಬಂದುಬಿಡಬೇಕು. ವರ್ಷದ ಉಳಿದ ದಿನಗಳಲ್ಲಿ ಬೇರೆ ಎಲ್ಲಿಯೂ ಕೆಲಸಕ್ಕೆ ಹೋಗಕೂಡದು.

ಇದೇ ಹೆಂಗಸು ರೇಷನ್ ಅಂಗಡಿಯ ಮುಂದೆ ನಿಂತರೆ ಬಡವಳು. ಬಿ.ಪಿ.ಎಲ್. ಕಾರ್ಡಿನ ಮಿತಿ ವರ್ಷಕ್ಕೆ 1,20,000. ಅಂದರೆ ಅಕ್ಕಿಗೆ ಬಡವಿ, ಪಿಂಚಣಿಗೆ ಅಲ್ಲ. ಇನ್ನೂ ಮೇಲೆ ಹೋಗೋಣ. 2019ರಲ್ಲಿ ಸಂವಿಧಾನಕ್ಕೆ 103ನೆಯ ತಿದ್ದುಪಡಿ ತಂದು ಶೇಕಡಾ 10ರ ಮೀಸಲಾತಿ ಕೊಟ್ಟರಲ್ಲ, 'ಆರ್ಥಿಕವಾಗಿ ದುರ್ಬಲ'ರಿಗೆ ಎಂದು, ಅದಕ್ಕೆ ಕೇಂದ್ರ ಇಟ್ಟ ಆದಾಯದ ಮಿತಿ ವರ್ಷಕ್ಕೆ 8 ಲಕ್ಷ. ವರ್ಷಕ್ಕೆ ಏಳೂವರೆ ಲಕ್ಷ ಬರುವ ಮನೆ ದುರ್ಬಲ. 33,000 ಬರುವ ವಿಧವೆ ಸಬಲೆ. ಒಂದು ದೇಶದಲ್ಲಿ ಬಡತನಕ್ಕೆ ಇಷ್ಟು ಅಳತೆಗೋಲುಗಳೆ? ಬಟ್ಟೆ ಅಂಗಡಿಯವನು ಗಿರಾಕಿ ನೋಡಿ ಗಜಕಡ್ಡಿ ಬದಲಿಸಿದರೆ ನಾವು ಜಗಳ ತೆಗೆಯುತ್ತೇವೆ.

ಇಷ್ಟು ಕೆಳಗಿನ ಮಿತಿ ಇಟ್ಟುಕೊಂಡು ಕಾರಭಾರ ಹೇಗೆ ನಡೆಯುತ್ತದೆ ಎಂದು ಕೇಳುತ್ತೀರಾ? ಸುಳ್ಳಿನ ಮೇಲೆ ನಡೆಯುತ್ತದೆ. ಇನ್ಕಮ್ ಸರ್ಟಿಫಿಕೇಟಿಗೆ ಹೋದವರನ್ನು ಮೊದಲು ಕೇಳುವ ಪ್ರಶ್ನೆ "ನಿಮ್ಮ ಆದಾಯ ಎಷ್ಟು?" ಎಂದಲ್ಲ, "ಯಾವುದಕ್ಕ ಬೇಕು?" ಎಂದು. ಯಾವುದಕ್ಕೆ ಬೇಕೋ ಅದಕ್ಕೆ ತಕ್ಕ ಅಂಕಿ ಬೀಳುತ್ತದೆ. ಕೂಲಿಗೆ ಹೋಗುವ ಹೆಂಗಸಿನ ವರ್ಷದ ಆದಾಯ ಎಷ್ಟೆಂದು ಅವಳಿಗೇ ಗೊತ್ತಿಲ್ಲ. ಮಳೆ ಬಂದರೆ ಕಳೆ ತೆಗೆಯುವ ಕೆಲಸ, ಸುಗ್ಗಿಯಲ್ಲಿ ಹತ್ತಿ ಬಿಡಿಸುವುದು, ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಬರುವ ತಿಂಗಳುಗಳಲ್ಲಿ ತೊಟ್ಟು ಬಿಡಿಸುವ ಕೆಲಸ, ಉಳಿದ ದಿನ ಏನೂ ಇಲ್ಲ. ಇದನ್ನು ಯಾವ ಅಧಿಕಾರಿ ತಾನೆ ಕೂಡಿಸಿ ಬರೆಯಬಲ್ಲ? ಆದ್ದರಿಂದ ನಿಯಮದಲ್ಲಿರುವ ಅಂಕಿಗಿಂತ ಒಂದಿಷ್ಟು ಕಡಿಮೆ ಬರೆದು ಸಹಿ ಹಾಕುತ್ತಾರೆ. ಬರೆಯುವವರಿಗೂ ಗೊತ್ತು, ಬರೆಸಿಕೊಂಡವಳಿಗೂ ಗೊತ್ತು, ಮಂಜೂರು ಮಾಡುವವರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವ ಈ ಸುಳ್ಳಿನಿಂದ ಒಂದೇ ಒಂದು ಪರಿಣಾಮ: ಅವಳ ಪಿಂಚಣಿ ಹಕ್ಕಾಗಿ ಉಳಿಯುವುದಿಲ್ಲ, ಸಹಿ ಹಾಕಿದವರ ಉಪಕಾರವಾಗುತ್ತದೆ. ನಾಳೆ ಅವಳು ಗ್ರಾಮಸಭೆಯಲ್ಲಿ ಎದ್ದು ನಿಂತು ನೀರಿನ ಬಗ್ಗೆ ಜೋರಾಗಿ ಕೇಳಿದರೆ, "ನಿನ್ನ ಸರ್ಟಿಫಿಕೇಟ್ ತೆಗೀಲೇನು?" ಎಂದು ಒಂದು ಮಾತು ಸಾಕು, ಕೂತುಬಿಡುತ್ತಾಳೆ. ಸೋಸುವ ಜರಡಿ ಯಾರ ಕೈಯಲ್ಲಿದೆಯೋ ಅವರ ಮುಂದೆ ಬಾಯಿ ತೆಗೆಯುವ ಧೈರ್ಯ ಯಾರಿಗಿದೆ?

ಗಂಡ ಸತ್ತದ್ದನ್ನು ತೋರಿಸುವುದಾದರೂ ಸುಲಭವೇ ಎಂದರೆ ಅದೂ ಅಲ್ಲ. ನನ್ನ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿದ್ದ ಹುಡುಗಿಯೊಬ್ಬಳ ತಾಯಿಯ ಪಾಡು ಹೇಳುತ್ತೇನೆ. ಹೆಸರು ಬೇಡ. ಅವಳ ಗಂಡ ನಮ್ಮ ಕಡೆಯ ಅನೇಕರಂತೆ ಗೋವಾಕ್ಕೆ ದುಡಿಯಲು ಹೋದವನು, ಕಟ್ಟಡದ ಕೆಲಸದಲ್ಲಿ ಬಿದ್ದು ಅಲ್ಲಿಯೇ ತೀರಿಕೊಂಡ. ಹೆಣ ಊರಿಗೆ ಬಂತು, ಮಣ್ಣಾಯಿತು, ಊರೆಲ್ಲ ನೋಡಿತು. ಆದರೆ ಕಾಯ್ದೆಯ ಪ್ರಕಾರ ಮರಣ ನೋಂದಣಿಯಾಗಬೇಕಾದ್ದು ಸತ್ತ ಊರಿನಲ್ಲಿ, ಮಣ್ಣಾದ ಊರಿನಲ್ಲಲ್ಲ. 1969ರ ಜನನ-ಮರಣ ನೋಂದಣಿ ಕಾಯ್ದೆಯಂತೆ ಇಪ್ಪತ್ತೊಂದು ದಿನದೊಳಗೆ ತಿಳಿಸಬೇಕು. ತಡವಾದರೆ ದಂಡ, ಮತ್ತೂ ತಡವಾದರೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಎರಡು ಮಕ್ಕಳನ್ನು ಕಟ್ಟಿಕೊಂಡು ಸೂತಕದಲ್ಲಿ ಕೂತ ಹೆಂಗಸಿಗೆ ಇಪ್ಪತ್ತೊಂದು ದಿನದ ಲೆಕ್ಕ ಯಾರು ಹೇಳಬೇಕಿತ್ತು? ಗುತ್ತಿಗೆದಾರ ಹೇಳಲಿಲ್ಲ, ಹೇಳಿದರೆ ಅವನಿಗೇ ತೊಂದರೆ. ಅವಳು ನನ್ನ ಬಳಿ ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. "ಅಕ್ಕಾರ, ಸತ್ತಾಂವ ನನ್ನ ಗಂಡ, ಅಳಾಕಿ ನಾನು, ಕಾಗದ ಮಾತ್ರ ಗೋವಾದಾಗ ಐತಂತ್ರಿ" ಎಂದಳು. ಈ ಮಾತಿಗೆ ನಗಬೇಕೋ ಅಳಬೇಕೋ ತಿಳಿಯದೆ ನಾನು ಚಹಾ ಮಾಡಿಕೊಟ್ಟೆ.

ನಮ್ಮ ಊರಿನಿಂದ ಕಚೇರಿಗೆ ಅವಳು ಈಗ ಬಸ್ಸಿನಲ್ಲಿ ಪುಕ್ಕಟೆ ಹೋಗಬಹುದು. ಆದರೆ ಶಕ್ತಿ ಯೋಜನೆಯ ಬಸ್ಸು ಗೋವಾಕ್ಕೆ ಪುಕ್ಕಟೆ ಒಯ್ಯುವುದಿಲ್ಲ. ಹೋದ ಒಂದೊಂದು ದಿನಕ್ಕೂ ಒಂದೊಂದು ದಿನದ ಕೂಲಿ ಹೋಯಿತು, ಅಲ್ಲಿ ಕೊಂಕಣಿ-ಮರಾಠಿ ಬಲ್ಲ ಒಬ್ಬನನ್ನು ಜೊತೆಗೆ ಕರೆದೊಯ್ದ ಖರ್ಚು ಬೇರೆ. ತಿಂಗಳಿಗೆ 800 ರೂಪಾಯಿಗಾಗಿ ಅವಳು ಕಳೆದುಕೊಂಡದ್ದು ಎಷ್ಟು ತಿಂಗಳ ಪಿಂಚಣಿಯೋ! ಸೋಸುವ ಖರ್ಚನ್ನು ಸರ್ಕಾರ ಕೊಡುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಇಲ್ಲ, ಅದನ್ನು ಸೋಸಿಸಿಕೊಳ್ಳುವವಳು ಕೊಡುತ್ತಾಳೆ.

ಈಗ ಅದೇ ಓಣಿಯ ಇನ್ನೊಂದು ಮನೆಗೆ ಬನ್ನಿ. ನಮ್ಮ ಸಹೋದ್ಯೋಗಿಯೊಬ್ಬರು ಸೇವೆಯಲ್ಲಿರುವಾಗಲೇ ಹೃದಯಾಘಾತದಿಂದ ಹೋದರು. ಅವರ ಹೆಂಡತಿಗೆ ಕುಟುಂಬ ಪಿಂಚಣಿ ಬಂತು. ಸಾಮಾನ್ಯ ದರವೇ ಕಡೆಯ ಮೂಲವೇತನದ ಶೇಕಡಾ 30. ಅದರ ಮೇಲೆ ತುಟ್ಟಿಭತ್ಯೆ. ಬೆಲೆ ಏರಿದಂತೆಲ್ಲ ಅದೂ ಏರುತ್ತದೆ. ಅವರನ್ನು ಯಾರಾದರೂ "ನಿಮಗೆ ಹೊಲ ಇದೆಯೇ, ಮಗ ದುಡಿಯುತ್ತಾನೆಯೇ, ಮನೆಯಲ್ಲಿ ಫ್ರಿಜ್ಜು ಇದೆಯೇ" ಎಂದು ಕೇಳಿದರೆ? ಕೇಳಲಿಲ್ಲ. ಕೇಳಲೂ ಬಾರದು, ಅದು ಅವರ ಹಕ್ಕು. ನಾನೇ ಅವರ ಕಾಗದಪತ್ರಗಳಿಗೆ ಓಡಾಡಿದವಳು, ಹಾಗಾಗಿ ಬಲ್ಲೆ; ತಡವಾಯಿತು, ಆದರೆ ಒಬ್ಬರೂ ಅವರ ಬಡತನವನ್ನು ಅಳೆಯಲಿಲ್ಲ. ಇಬ್ಬರೂ ಹೆಂಗಸರೇ, ಇಬ್ಬರ ಗಂಡಂದಿರೂ ದುಡಿಯುತ್ತ ಸತ್ತವರೇ. ಒಬ್ಬನು ಕರಿಹಲಗೆಯ ಮುಂದೆ, ಇನ್ನೊಬ್ಬನು ಮೂರನೆಯ ಮಾಳಿಗೆಯ ಸಾರವೆಯ ಮೇಲೆ. ಒಬ್ಬಳಿಗೆ ಬರುವುದು ಪಿಂಚಣಿ, ಇನ್ನೊಬ್ಬಳಿಗೆ ಬಂದರೆ ಅದು 'ಬಿಟ್ಟಿ ಭಾಗ್ಯ'. ನನ್ನ ಓದುಗ ಗೆಳತಿಯರು ಇದರ ವ್ಯತ್ಯಾಸವನ್ನು ನನಗೆ ತಿಳಿಸಿಕೊಡಬೇಕು. ಸಂಬಳದವರು ಸೇವೆ ಮಾಡಿದ್ದಾರೆ ಎನ್ನುತ್ತೀರೇನೋ. ಮನೆ ಕಟ್ಟಿದ್ದು ಸೇವೆಯಲ್ಲವೆ?

ಹೆರಿಗೆಯ ಸಂಗತಿಯೂ ಹೀಗೆಯೇ. ಸರ್ಕಾರಿ ನೌಕರಳಿಗೆ ಪೂರ್ಣ ಸಂಬಳದ ಮೇಲೆ 180 ದಿನ ರಜೆ, ಎರಡು ಮಕ್ಕಳವರೆಗೆ. 2013ರ ಆಹಾರ ಭದ್ರತಾ ಕಾಯ್ದೆ ಉಳಿದ ಪ್ರತಿಯೊಬ್ಬ ಬಸುರಿ-ಬಾಣಂತಿಗೂ ಕನಿಷ್ಠ 6,000 ರೂಪಾಯಿ ಎಂದು ಬರೆಯಿತು. 2017ರಲ್ಲಿ ಅದು ಮಾತೃವಂದನಾ ಎಂಬ ಹೆಸರು ಹೊತ್ತು ಬಂದಾಗ 5,000 ಆಗಿತ್ತು, ಅದೂ ಚೊಚ್ಚಲಿಗೆ ಮಾತ್ರ. 2022ರಿಂದ ಎರಡನೆಯದಕ್ಕೂ ಕೊಡುತ್ತಾರೆ, ಆದರೆ ಹೆಣ್ಣು ಹುಟ್ಟಿದರೆ. ಎರಡನೆಯದು ಗಂಡಾದರೆ ಬಾಣಂತಿಗೆ ಹಸಿವೆ ಆಗುವುದಿಲ್ಲವೇನೋ! ಕಾಯ್ದೆ ಒಂದು ಕೈಯಲ್ಲಿ ಕೊಟ್ಟದ್ದನ್ನು ನಿಯಮ ಇನ್ನೊಂದು ಕೈಯಲ್ಲಿ ಕಸಿಯುತ್ತದೆ. ಕಾಯ್ದೆಗೆ ಸಂಸತ್ತು ಕೂಡಬೇಕು, ಪತ್ರಿಕೆಯಲ್ಲಿ ಬರುತ್ತದೆ. ನಿಯಮ ಒಂದು ಸುತ್ತೋಲೆ, ಯಾರಿಗೂ ಕಾಣುವುದಿಲ್ಲ.

ನಮ್ಮ ಶಾಲೆಯ ಅಡುಗೆಮನೆ ನನಗೆ ಬೇರೊಂದು ಪಾಠ ಹೇಳಿದೆ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಒಂದೇ ದಿನ ಎರಡು ಕಾರ್ಯಕ್ರಮ ಶುರು ಮಾಡಿತು. ಒಂದು ವೃದ್ಧರ ಪಿಂಚಣಿಯನ್ನೊಳಗೊಂಡ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ. ಇನ್ನೊಂದು ಶಾಲಾ ಮಕ್ಕಳ ಪೌಷ್ಟಿಕ ಆಹಾರದ ಕಾರ್ಯಕ್ರಮ. ಅವಳಿ ಮಕ್ಕಳೆನ್ನಿ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಈ ಎರಡನೆಯದಕ್ಕೂ ಒಂದು ಶರತ್ತು ಇತ್ತು: ತಿಂಗಳಲ್ಲಿ ಶೇಕಡಾ 80 ಹಾಜರಿ ಇದ್ದ ಮಗುವಿಗೆ ಮೂರು ಕಿಲೋ ಧಾನ್ಯ. ಜ್ವರ ಬಂದು ಮಲಗಿದ ಮಗುವಿಗೆ ಇಲ್ಲ, ತಾಯಿಯ ಜೊತೆ ಸುಗ್ಗಿಗೆ ಹೋದ ಮಗುವಿಗೆ ಇಲ್ಲ. ಯಾರಿಗೆ ಅಕ್ಕಿ ಹೆಚ್ಚು ಬೇಕಾಗಿತ್ತೋ ಅವರೇ ಹೊರಗೆ ನಿಲ್ಲುತ್ತಿದ್ದರು.

ಆಮೇಲೆ, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಶಾಲೆಯಲ್ಲಿ ಬಿಸಿಯೂಟವನ್ನೇ ಹಾಕಬೇಕೆಂದು ಆದೇಶಿಸಿತು. ನಮ್ಮಲ್ಲಿ 2002ರಲ್ಲಿ ಕಲ್ಯಾಣ ಕರ್ನಾಟಕದ ಭಾಗದಿಂದ ಅಕ್ಷರ ದಾಸೋಹ ಆರಂಭವಾಯಿತು, ಮರುವರ್ಷ ನಮ್ಮ ಕಡೆಗೂ ಬಂತು. ಅಂದಿನಿಂದ ಇಂದಿನವರೆಗೆ ತಟ್ಟೆ ಹಿಡಿದು ಕೂತ ಮಗುವನ್ನು ನಾನು "ನಿನ್ನ ಅಪ್ಪನ ಆದಾಯ ಎಷ್ಟು?" ಎಂದು ಕೇಳಿಲ್ಲ. ಕಿರಾಣಿ ಅಂಗಡಿಯವರ ಮಗನೂ ಕೂಡುತ್ತಾನೆ, ಕೂಲಿಯವಳ ಮಗಳೂ ಕೂಡುತ್ತಾಳೆ. ಉಪ್ಪು ಹೆಚ್ಚಾದ ದಿನ ಕಿರಾಣಿ ಅಂಗಡಿಯವರ ಮಗನ ತಾಯಿ ಬಂದು ನನ್ನನ್ನು ಜಗಳಕ್ಕೆ ಎಳೆಯುತ್ತಾರೆ. ಬಹಳ ಒಳ್ಳೆಯದು! ಅವರು ಜಗಳ ಮಾಡುವುದರಿಂದಲೇ ಕೂಲಿಯವಳ ಮಗಳಿಗೂ ಮರುದಿನ ರುಚಿಯಾದ ಸಾರು. ಬರೀ ಬಡವರ ಮಕ್ಕಳಿಗೆಂದು ಬೇರೆ ಸಾಲು ಮಾಡಿದ್ದರೆ ಆ ಸಾರಿಗೆ ಉಪ್ಪಿದೆಯೋ ಇಲ್ಲವೋ ಎಂದು ಕೇಳುವವರೇ ಇರುತ್ತಿರಲಿಲ್ಲ.

ಅವಳಿಯಲ್ಲಿ ಮೊದಲನೆಯದರ ಗತಿ ಏನಾಯಿತು? 1995ರಲ್ಲಿ ವೃದ್ಧರಿಗೆ ಕೇಂದ್ರ ಕೊಟ್ಟದ್ದು ತಿಂಗಳಿಗೆ 75 ರೂಪಾಯಿ. 2006ರಲ್ಲಿ 200 ಮಾಡಿತು. ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನವರಿಗೆ ಆ 200 ಮುಂದೆ ಒಂದು ಪೈಸೆ ಕದಲಲಿಲ್ಲ. ರಾಜ್ಯ ತನ್ನದನ್ನು ಸೇರಿಸಿ ಕೊಡುವುದರಿಂದ ಸಂಧ್ಯಾ ಸುರಕ್ಷಾ 1,200ರವರೆಗೆ ಬಂದಿತೆನ್ನಿ. ವಿಧವೆಯರ ವಿಷಯದಲ್ಲಿ ಕೇಂದ್ರದ ಪಾಲು 300, ಅದೂ ನಲವತ್ತು ತುಂಬಿದವಳಿಗೆ. ಇಪ್ಪತ್ತೈದಕ್ಕೆ ಗಂಡನನ್ನು ಕಳೆದುಕೊಂಡು ಮೊಲೆಹಾಲಿನ ಕೂಸು ಕಂಕುಳಲ್ಲಿರುವವಳು ಕೇಂದ್ರದ ಲೆಕ್ಕದಲ್ಲಿ ಇನ್ನೂ ಹದಿನೈದು ವರ್ಷ ಕಾಯಬೇಕು. ರಾಜ್ಯ ಹದಿನೆಂಟು ದಾಟಿದವಳಿಗೂ ಕೊಡುತ್ತದೆ, ಅದರ ಪುಣ್ಯ. ಊಟಕ್ಕೆ ಎಲ್ಲ ಮಕ್ಕಳೂ ಕೂತಿದ್ದರಿಂದ ಅದು ಬೆಳೆಯಿತು. ಪಿಂಚಣಿಗೆ ಬರೀ ಬಡವರನ್ನು ಕೂಡಿಸಿದ್ದರಿಂದ ಅದು ಸೊರಗಿತು. ಏಕೆಂದರೆ ಅದರ ಸಲುವಾಗಿ ಜಗಳ ಮಾಡುವ ಬಾಯಿಯುಳ್ಳವರು ಆ ಸಾಲಿನಲ್ಲಿ ಇರಲಿಲ್ಲ. ನಮ್ಮ ತುಟ್ಟಿಭತ್ಯೆ ಎರಡು ತಿಂಗಳು ತಡವಾದರೆ ನೋಡಿ, ಎಷ್ಟು ಸಂಘಗಳು, ಎಷ್ಟು ಮನವಿಗಳು!

ಇನ್ನು ಎರಡು ಸಾವಿರದ ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾದ ಈ ಯೋಜನೆಯಲ್ಲಿ ನನಗೆ ಒಂದು ವಿವೇಕ ಕಾಣುತ್ತದೆ. ಬಡವಳೆಂದು ಸಾಧಿಸಿ ಎನ್ನಲಿಲ್ಲ. ರೇಷನ್ ಕಾರ್ಡಿನಲ್ಲಿ ಯಾರು ಯಜಮಾನಿಯೋ ಅವಳಿಗೆ, ಎ.ಪಿ.ಎಲ್. ಕಾರ್ಡಾದರೂ ಸರಿ. ಅವಳೋ ಅವಳ ಗಂಡನೋ ಆದಾಯ ತೆರಿಗೆ ಕಟ್ಟುವವರಾದರೆ, ಜಿ.ಎಸ್.ಟಿ. ಲೆಕ್ಕ ಸಲ್ಲಿಸುವವರಾದರೆ ಮಾತ್ರ ಇಲ್ಲ. ನಾನು ತೆರಿಗೆ ಕಟ್ಟುವವಳು, ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ನನ್ನನ್ನು ಹೊರಗಿಡಲು ಸರ್ಕಾರ ಬಡವಳಿಂದ ಒಂದು ಕಾಗದವನ್ನೂ ಕೇಳಲಿಲ್ಲ. ತೆರಿಗೆಯ ಪಟ್ಟಿ ಅದರ ಬಳಿಯೇ ಇತ್ತು. ಉಳ್ಳವರು ಉಳ್ಳವರೆಂಬುದಕ್ಕೆ ಸಾಕ್ಷಿ ಸರ್ಕಾರದ ಕಪಾಟಿನಲ್ಲೇ ಇರುತ್ತದೆ. ಇಲ್ಲದವಳು ತನಗೆ ಇಲ್ಲವೆಂಬುದಕ್ಕೆ ಸಾಕ್ಷಿ ಎಲ್ಲಿಂದ ತಂದಾಳು? ಇಲ್ಲದ್ದಕ್ಕೆ ರಸೀದಿ ಇರುತ್ತದೆಯೆ?

ಹಾಗೆಂದು ಅದರಲ್ಲಿ ಕೊರತೆಯಿಲ್ಲವೆಂದಲ್ಲ. ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲದ್ದರಿಂದ, ಬರೀ ತೋಟದ ಆದಾಯವೇ ಇರುವ ದೊಡ್ಡ ಮನೆಯ ಒಡತಿಗೆ ಹಣ ಬರುತ್ತದೆ. ಸಣ್ಣ ಹಾರ್ಡ್‌ವೇರ್ ಅಂಗಡಿಯವನು ಜಿ.ಎಸ್.ಟಿ. ಲೆಕ್ಕ ಕೊಡುತ್ತಾನಾದ್ದರಿಂದ ಅವನ ಹೆಂಡತಿಗೆ ಇಲ್ಲ. ಅತ್ತೆ-ಸೊಸೆಯರ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. 2013ರ ಕಾಯ್ದೆಯಂತೆ ಕಾರ್ಡಿನ ಯಜಮಾನಿ ಮನೆಯ ಹಿರಿಯ ಹೆಂಗಸು, ಅಂದರೆ ಅತ್ತೆ. ಹಣ ಅತ್ತೆಗೆ, ಒಲೆ ಸೊಸೆಗೆ. ಕಾರ್ಡು ಒಡೆಯಿರಿ ಎಂದು ಗೋಗರೆದ ಸೊಸೆಯಂದಿರು ನಮ್ಮ ಊರಲ್ಲೇ ಎಷ್ಟೋ ಜನ. ಒಂದೇ ಒಲೆಯ ಮನೆಯಲ್ಲಿ ಎರಡು ಕಾರ್ಡು ಬೇಕೆನಿಸಿದ್ದು ಎರಡು ಸಾವಿರದಿಂದಲ್ಲ ಎಂದು ಮಾತ್ರ ಹೇಳುತ್ತೇನೆ, ಹೆಚ್ಚಿಗೆ ಬೇಡ.

ಇದಕ್ಕಿಂತ ನನಗೆ ಹೆಚ್ಚು ಸಂಕಟವಾಗುವುದು ಗಂಡ ಬಿಟ್ಟವಳನ್ನು ನೆನೆದಾಗ. ಅವಳು ಯಾವ ಕೋಷ್ಟಕದಲ್ಲೂ ಕೂಡುವುದಿಲ್ಲ. 2025ರ ಸಮೀಕ್ಷೆಯಲ್ಲಿ ನಾನು ಹೋದ ಒಂದು ಮನೆಯಲ್ಲಿ ಮೂವತ್ತನಾಲ್ಕರ ಒಬ್ಬ ಹೆಣ್ಣುಮಗಳಿದ್ದಳು. ಗಂಡ ಪುಣೆಯಲ್ಲಿ ಇನ್ನೊಬ್ಬಳೊಡನೆ ಸಂಸಾರ ಹೂಡಿ ಆರು ವರ್ಷವಾಗಿದೆ. ಇವಳು ಮಗನೊಂದಿಗೆ ತವರಿನಲ್ಲಿ. ಅವನು ಬದುಕಿದ್ದಾನೆ, ಆದ್ದರಿಂದ ವಿಧವಾ ವೇತನ ಇಲ್ಲ. ಅವಿವಾಹಿತ ಮತ್ತು ವಿಚ್ಛೇದಿತ ಹೆಂಗಸರಿಗೆಂದು 2013ರಲ್ಲಿ ಬಂದ ಮನಸ್ವಿನಿ ನಲವತ್ತು ತುಂಬಿದವರಿಗೆ. ಇವಳಿಗೆ ವಯಸ್ಸೂ ಆಗಿಲ್ಲ, ಕೋರ್ಟಿನ ವಿಚ್ಛೇದನವೂ ಆಗಿಲ್ಲ. ತವರಿನ ಕಾರ್ಡಿನಲ್ಲಿ ಯಜಮಾನಿ ತಾಯಿ, ಹೀಗಾಗಿ ಗೃಹಲಕ್ಷ್ಮಿಯೂ ಇವಳಲ್ಲ. ವೈವಾಹಿಕ ಸ್ಥಿತಿಯನ್ನು ಕೇಳಿದಾಗ ಅವಳು ಸುಮ್ಮನೆ ಕೂತಳು. ಒಳಗಿನಿಂದ ಅವಳ ತಾಯಿಯೇ ಕೂಗಿ ಹೇಳಿದರು, "ಲಗ್ನ ಆಗೈತಿ ಅಂತ ಬರ್ಕೋರಿ ಅಕ್ಕಾರ. ಅದೊಂದ ಆಗಿರೂದು." ಗಂಡ ಕಾಣೆಯಾದರಾದರೂ ಕಾನೂನಿನಲ್ಲಿ ಒಂದು ದಾರಿಯಿದೆ, ಏಳು ವರ್ಷ ಅವನ ಸುದ್ದಿಯೇ ಇಲ್ಲದಿದ್ದರೆ ಸತ್ತನೆಂದು ಕೋರ್ಟು ತಿಳಿಯಬಹುದು. ಇವಳ ಗಂಡ ಕಾಣೆಯೂ ಆಗಿಲ್ಲ. ಪುಣೆಯಲ್ಲಿ ಎಲ್ಲರಿಗೂ ಕಾಣುತ್ತಿದ್ದಾನೆ.

ವಯಸ್ಸಿನ ದಾಖಲೆಗೆಂದು ಹಣ್ಣು ಹಣ್ಣು ಮುದುಕಿಯರು ಶಾಲೆಗೆ ಬರುತ್ತಾರೆ. "ದಾಖಲಾತಿ ಪುಸ್ತಕದಾಗ ನನ್ನ ಹೆಸರು ನೋಡ್ರಿ ಅವ್ವಾ, ವಯಸ್ಸಿನ ಕಾಗದ ಬೇಕಂತ" ಎನ್ನುತ್ತಾರೆ. ಹಳೆಯ ರಿಜಿಸ್ಟರುಗಳನ್ನು ನಾನು ತೆಗೆದು ನೋಡುತ್ತೇನೆ. ಅಣ್ಣನ ಹೆಸರಿರುತ್ತದೆ, ತಮ್ಮನ ಹೆಸರಿರುತ್ತದೆ. ಅವಳನ್ನು ಶಾಲೆಗೆ ಕಳಿಸಿರಲಿಲ್ಲ.

ಈಗ ಕಳ್ಳರ ಮಾತಿಗೆ ಬರೋಣ, ಏಕೆಂದರೆ ಆ ತೂಕದ ಹೆಂಗಸು ನನ್ನನ್ನು ಬಿಡುವುದಿಲ್ಲ. "ಹಂಗಾದ್ರ ಉಳ್ಳವರು ತಿಂದು ಹೋಗಲೇನ್ರಿ?" ಎನ್ನುತ್ತಾರೆ. ತಿನ್ನುವವರು ಈಗಲೂ ತಿನ್ನುತ್ತಿದ್ದಾರೆ. ಸರ್ಕಾರಿ ನೌಕರರ ಮನೆಗಳಲ್ಲಿ ಬಿ.ಪಿ.ಎಲ್. ಕಾರ್ಡು ಸಿಕ್ಕದ್ದು ಪತ್ರಿಕೆಗಳಲ್ಲಿ ಬಂದೇ ಇದೆ. ಅವರೆಲ್ಲ ಈ ಜರಡಿಯನ್ನು ದಾಟಿಯೇ ಒಳಗೆ ಬಂದವರು, ನೆನಪಿರಲಿ. ಮೋಸ ಮಾಡುವವನ ಕಾಗದಗಳು ಯಾವಾಗಲೂ ಸರಿಯಾಗಿಯೇ ಇರುತ್ತವೆ. ಹೆಸರಿನ ಕಾಗುಣಿತ ತಪ್ಪುವುದು ಗಂಗವ್ವನದು. 2024ರ ನವೆಂಬರ್‌ನಲ್ಲಿ ಅನರ್ಹರನ್ನು ತೆಗೆಯುತ್ತೇವೆಂದು ಹೊರಟು ಕಾರ್ಡುಗಳು ರದ್ದಾದಾಗ ಎಂಥ ಗದ್ದಲವಾಯಿತು! ಕೊನೆಗೆ ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡನ್ನು ಮರಳಿ ಕೊಡುವುದಾಗಿ ಸರ್ಕಾರವೇ ಹೇಳಬೇಕಾಯಿತು. ನಾನು ಮೇಲೆ ಹೇಳಿದ್ದೂ ಅದನ್ನೇ: ನಿಮ್ಮ ಬಳಿ ಇರುವ ಪಟ್ಟಿಯಿಂದ ಉಳ್ಳವರನ್ನು ತೆಗೆಯಿರಿ, ಬಡವಳ ಸೆರಗಿನ ಗಂಟು ಬಿಚ್ಚಿ ನೋಡಬೇಡಿ. ನೂರರಲ್ಲಿ ಐದು ಜನ ಅನುಕೂಲಸ್ಥ ವಿಧವೆಯರಿಗೆ 800 ರೂಪಾಯಿ ಹೋದರೆ ಬೊಕ್ಕಸ ಬರಿದಾಗುವುದಿಲ್ಲ. ಆ ಐದು ಜನರನ್ನು ಹಿಡಿಯುವ ಸಲುವಾಗಿ ಉಳಿದವರನ್ನು ಗೋವಾದವರೆಗೆ ಓಡಿಸುವುದು ಯಾವ ನ್ಯಾಯ?

ಮುಂಗಡಪತ್ರದ ಕಾಲ ಬಂದಾಗಲೆಲ್ಲ ಸಂಘಟನೆಗಳವರು 800ನ್ನು ಎರಡು ಸಾವಿರ ಮಾಡಿ, ಮೂರು ಸಾವಿರ ಮಾಡಿ ಎಂದು ಮನವಿ ಕೊಡುತ್ತಾರೆ. ಕೊಡಲಿ. ನಾನು ಕೇಳುವುದು ಅದಕ್ಕೂ ಮೊದಲಿನ ಒಂದು ಕೆಲಸವನ್ನು. 'ನಿರ್ಗತಿಕ' ಎಂಬ ಮಾತನ್ನೂ 32,000ದ ಸಾಲನ್ನೂ ನಿಯಮದಿಂದ ಹೊಡೆದುಹಾಕಿ. ಪಂಚಾಯತಿಯಲ್ಲೋ ಪುರಸಭೆಯಲ್ಲೋ ಒಬ್ಬ ಮದುವೆಯಾದ ಗಂಡಸಿನ ಮರಣ ದಾಖಲಾಯಿತೆಂದರೆ, ಅದನ್ನು ಬರೆದ ಗುಮಾಸ್ತರೇ ಅಂದೇ ಅವನ ಹೆಂಡತಿಯ ಪಿಂಚಣಿ ಅರ್ಜಿಯನ್ನೂ ತುಂಬಲಿ. ಹೊರರಾಜ್ಯದಲ್ಲಿ ಸತ್ತವನ ದಾಖಲೆಯನ್ನು ನಮ್ಮ ಅಧಿಕಾರಿ ಆ ರಾಜ್ಯದ ಅಧಿಕಾರಿಗೆ ಬರೆದು ತರಿಸಿಕೊಳ್ಳಲಿ. ಪತ್ರ ಬರೆಯುವುದು ಅವರ ಕೆಲಸ, ಬಸ್ಸು ಹತ್ತುವುದು ಅವಳ ಕೆಲಸವಲ್ಲ. ಗಂಡ ಬಿಟ್ಟವಳಿಗೆ ಕೋರ್ಟಿನ ಕಾಗದ ಬೇಡ, ನಾಲ್ಕು ಜನ ನೆರೆಯವರು ಬಂದು ಹೇಳಿದರೆ ಸಾಕು. ಓಣಿಗೆ ಗೊತ್ತಿಲ್ಲದ್ದು ಯಾವುದಿದೆ?

ಇದೆಲ್ಲ ಆಗುವ ತನಕ ನಾವು ಓದುಬರಹ ಬಲ್ಲವರು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಸಕಾಲ ಕಾಯ್ದೆ ನಮ್ಮಲ್ಲಿ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ ಸಂಖ್ಯೆಯಿರುವ ಒಂದು ಚೀಟಿ ಕೊಡಬೇಕು, ಗೊತ್ತುಪಡಿಸಿದ ದಿನದೊಳಗೆ ಉತ್ತರ ಹೇಳಬೇಕು. ನಮ್ಮ ಮನೆಯ ಪಾತ್ರೆ ತೊಳೆಯುವವಳು, ನಮ್ಮ ಓಣಿ ಗುಡಿಸುವವಳು, ಎರಡು ದಿನಕ್ಕೊಮ್ಮೆ ಬರುವ ಆ 'ಸೊಕ್ಕಿನವಳು', ಇವರಲ್ಲಿ ಯಾರ ಅರ್ಜಿ ಎಲ್ಲಿ ಕೂತಿದೆ ಎಂದು ಕೇಳಿ. ಚೀಟಿ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿರದಿದ್ದರೆ ಅವಳ ಜೊತೆ ಒಮ್ಮೆ ನೀವೇ ಹೋಗಿ ಆ ಕಿಟಕಿಯ ಮುಂದೆ ನಿಲ್ಲಿ. ಹೋಗುವಾಗ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಪೆನ್ನು ಹಿಡಿದು ಹೋಗಿ. ಪೆನ್ನು ಹಿಡಿದ ಹೆಂಗಸಿಗೆ ಅವರು ಕುರ್ಚಿ ಕೊಡುತ್ತಾರೆ. ಅವಳನ್ನು ಆ ಕುರ್ಚಿಯಲ್ಲಿ ಕೂಡಿಸಿ, ನೀವು ನಿಂತುಕೊಂಡು ಮಾತಾಡಿ.